ಮೀನಿನ ಕಣ್ಣೊಳಗಿನ ಊಟದ ಲೆಕ್ಕ

ಮೀನಿನ ಹೊಟ್ಟೆ ಸೀಳಿದರೆ ಸಿಗುವುದು ಕೊನೆಯ ಊಟ ಮಾತ್ರ. ಕಣ್ಣಿನ ಮಸೂರ ಹಾಗಲ್ಲ. ಈರುಳ್ಳಿಯಂತೆ ಪದರ ಪದರವಾಗಿ ಬೆಳೆಯುತ್ತದೆ, ನಟ್ಟನಡುವಿನ ಕಾಳು ಮರಿಯಾಗಿದ್ದ ಕಾಲದ್ದು. ಆಯಾ ಕಾಲದ ಊಟದ ಗುರುತು ಆಯಾ ಪದರದಲ್ಲೇ ಉಳಿಯುತ್ತದೆ. ಹೊರಗಿನದು ಅಂಟಂಟು, ಒಳಹೋದಂತೆ ಗಟ್ಟಿ. ಸೂಕ್ಷ್ಮದರ್ಶಕದಡಿ ಚಿಮಟದಿಂದ ಒಂದೊಂದೇ ಪದರ ಸುಲಿದು, ಒಣಗಿಸಿ, ಮಿಲಿಗ್ರಾಂ ಆಸುಪಾಸಿನ ಚೂರನ್ನು ತವರದ ಪುಟ್ಟ ಬಟ್ಟಲಲ್ಲಿಟ್ಟು ಮಡಚುವ ಸಂಶೋಧಕರ ಕೈಗಳ ತಾಳ್ಮೆಗೆ ಏನು ಹೇಳಲಿ!

ಅದನ್ನು ಸುಟ್ಟು ಬಂದ ಅನಿಲದಲ್ಲಿ ನೈಟ್ರೋಜನ್‌ನ ಭಾರದ ರೂಪವಾದ ನೈಟ್ರೋಜನ್-15 ಎಷ್ಟಿದೆ ಎಂದು ಯಂತ್ರ ಅಳೆಯುತ್ತದೆ. ಆಹಾರ ಸರಪಳಿಯಲ್ಲಿ ಒಂದು ಮೆಟ್ಟಿಲೇರಿದರೆ ಅದರ ಅನುಪಾತ ಸಾಮಾನ್ಯವಾಗಿ ಸಾವಿರಕ್ಕೆ 3.4ರಷ್ಟು ಏರುತ್ತದೆ. ಉಪವಾಸ ಬಿದ್ದು ತನ್ನ ಮಾಂಸವನ್ನೇ ಕರಗಿಸಿಕೊಂಡ ಮೀನಿನಲ್ಲೂ ಏರಬಹುದು. (ಹಸಿದವನೂ ಬೇಟೆಗಾರನಂತೆ ಕಾಣುವುದು ಎಂಥ ತಮಾಷೆ!) ಆ ವ್ಯತ್ಯಾಸ ಹಿಡಿಯುವವರೇ ನಿಜವಾದ ಕುಶಲಿಗರು. ಸಾರಿನಲ್ಲಿ ಬೆಂದ ಮೀನಿನ ಕಣ್ಣಿನ ಬಿಳಿ ಗುಂಡನ್ನು ಎಸೆಯುವ ಮುನ್ನ ಒಮ್ಮೆ ಉಗುರಿನಿಂದ ಸುಲಿದು ನೋಡಿ.