ಊಟದ ಜೊತೆಗಿನ ಚಹಾ ಯಾರಿಗೆ ಹಿತ?

ಹಾಲು ಹಾಕದ ಗಟ್ಟಿ ಚಹಾವನ್ನು ಕಬ್ಬಿಣದ ಬಾಣಲೆಗೆ ಸುರಿದು ಸ್ವಲ್ಪ ಹೊತ್ತು ಬಿಡಿ. ಕೆಂಪಗೆ ಹೊಳೆಯುತ್ತಿದ್ದ ಚಹಾ ಮಸಿಯಂತೆ ಕಪ್ಪಾಗುತ್ತದೆ. ಒಳ್ಳೆಯ ಚಹಾಕ್ಕೆ ಒಗರು ಕೊಡುವ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಹಿಡಿದುಕೊಂಡ ಗುರುತು ಅದು. ಅಳಲೆಕಾಯಿ ಮತ್ತು ಕಬ್ಬಿಣದಿಂದ ಹಿಂದಿನವರು ಶಾಯಿ ಮಾಡುತ್ತಿದ್ದುದೂ ಇದೇ ಗುಣದಿಂದ.

ಹೊಟ್ಟೆಯಲ್ಲೂ ಇದೇ ಕತೆ. ಊಟದ ಜೊತೆ ಚಹಾ ಕುಡಿದರೆ ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣ ಕರುಳಿಗೆ ಅಷ್ಟಾಗಿ ದಕ್ಕುವುದಿಲ್ಲ. ಹಾಲು ಬೆರೆಸಿದರೂ ಹೆಚ್ಚು ವ್ಯತ್ಯಾಸವಾಗದು. ರಕ್ತಹೀನತೆ ಇರುವವರಿಗೆ ಇದು ನಷ್ಟ. ಕಬ್ಬಿಣ ಅತಿಯಾದವರಿಗೆ ಇದೇ ನೆರವು.

ನಮ್ಮ ದೇಹಕ್ಕೆ ಕಬ್ಬಿಣ ಹೀರುವ ದಾರಿ ಗೊತ್ತು, ಹೆಚ್ಚಾದದ್ದನ್ನು ಹೊರಹಾಕುವ ದಾರಿ ಗೊತ್ತಿಲ್ಲ. ದಿನಕ್ಕೆ 1–2 ಮಿಲಿಗ್ರಾಂನಷ್ಟೇ ಒಳಗೆ ಬಿಟ್ಟುಕೊಂಡು ಲೆಕ್ಕ ಸರಿದೂಗಿಸುತ್ತದೆ. ಉತ್ತರ ಯುರೋಪ್ ಮೂಲದವರಲ್ಲಿ ಹೆಚ್ಚಾಗಿ ಕಾಣುವ ಹೀಮೊಕ್ರೊಮಟೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ಈ ಕಾವಲು ಸಡಿಲವಾಗಿ, ಕಬ್ಬಿಣ ಯಕೃತ್ತು, ಹೃದಯಗಳಲ್ಲಿ ಶೇಖರವಾಗುತ್ತದೆ. ಆಗಾಗ ರಕ್ತ ತೆಗೆಯುವುದೇ ಅದಕ್ಕೆ ಚಿಕಿತ್ಸೆ. ಇಂಥ ರೋಗಿಗಳಿಗೆ ಊಟದೊಂದಿಗೆ ಚಹಾ ಕೊಟ್ಟು ನೋಡಿದ ಜರ್ಮನ್ ವೈದ್ಯರ ಅಧ್ಯಯನವೊಂದು 1998ರಲ್ಲಿ 'ಗಟ್' ಪತ್ರಿಕೆಯಲ್ಲಿ ಬಂತು. ಕಬ್ಬಿಣದ ಹೀರಿಕೆ ಇಳಿದಿತ್ತು, ಮತ್ತೆ ಶೇಖರವಾಗುವ ವೇಗವೂ ತಗ್ಗಿತ್ತು.

ನಮ್ಮಲ್ಲಿ ಈ ಮಾತು ಹೆಚ್ಚು ಅನ್ವಯಿಸುವುದು ತಲಸ್ಸೀಮಿಯ ಎಂಬ ಆನುವಂಶಿಕ ರಕ್ತದ ಕಾಯಿಲೆಯ ಮಧ್ಯಮ ರೂಪವಾದ ತಲಸ್ಸೀಮಿಯ ಇಂಟರ್‌ಮೀಡಿಯಾ ಇರುವವರಿಗೆ. ಪದೇ ಪದೇ ರಕ್ತ ಹಾಕಿಸಿಕೊಳ್ಳದಿದ್ದರೂ ಅವರ ಕರುಳು ಅಗತ್ಯಕ್ಕಿಂತ ಹೆಚ್ಚು ಕಬ್ಬಿಣ ಹೀರುತ್ತದೆ. ಅವರು ಊಟದ ಜೊತೆ ಕಪ್ಪು ಚಹಾ ಕುಡಿಯುವುದು ಒಳ್ಳೆಯದೇ. ನಿಂಬೆರಸ ಮಾತ್ರ ಬೇಡ, ಅದರ ವಿಟಮಿನ್ ಸಿ ಕಬ್ಬಿಣದ ಹೀರಿಕೆಯನ್ನು ಹೆಚ್ಚಿಸುತ್ತದೆ. ಪದೇ ಪದೇ ರಕ್ತ ಹಾಕಿಸಿಕೊಳ್ಳಲೇಬೇಕಾದ ತೀವ್ರ ರೂಪ, ತಲಸ್ಸೀಮಿಯ ಮೇಜರ್‌ನ ಮಾತೇ ಬೇರೆ. ಒಂದು ಬಾಟಲಿ ರಕ್ತದೊಂದಿಗೆ ಸುಮಾರು 200 ಮಿಲಿಗ್ರಾಂ ಕಬ್ಬಿಣ ನೇರ ನರಕ್ಕೇ ಇಳಿಯುವಾಗ ಚಹಾ ಏನು ತಾನೇ ತಡೆದೀತು? ಅಲ್ಲಿ ಕಬ್ಬಿಣ ಹೊರತೆಗೆಯುವ ಔಷಧವೇ ಬೇಕು. ಚಹಾ ಹೊಸ ಕಬ್ಬಿಣಕ್ಕೆ ಅಡ್ಡ ನಿಲ್ಲಬಲ್ಲದು, ಸೇರಿಹೋದದ್ದನ್ನು ತೆಗೆಯಲಾರದು.

ಆದರೆ ದೇಶದಲ್ಲಿ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಆದ್ದರಿಂದ ಚಹಾಪ್ರಿಯರಲ್ಲಿ ನನ್ನ ವಿನಂತಿ ಇಷ್ಟೇ: ಚಹಾ ಬಿಡಬೇಡಿ, ಊಟಕ್ಕೂ ಚಹಾಕ್ಕೂ ಒಂದೆರಡು ಗಂಟೆ ಅಂತರ ಇಡಿ. ಕಬ್ಬಿಣ ಹೆಚ್ಚಾಗಿದೆ ಎಂಬ ಅನುಮಾನವಿದ್ದರೆ ಮೊದಲು ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ರಕ್ತಪರೀಕ್ಷೆ ಮಾಡಿಸಿ, ವೈದ್ಯರ ಮಾತು ಕೇಳಿ, ಆಮೇಲೆ ಕೆಟಲ್ ಒಲೆಗಿಡಿ.