ಎಂಟು ರಿಜಿಸ್ಟರ್‌ಗಳ ಇಕ್ಕಟ್ಟು

ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬಶಾಸನ ಒಂದು ಫೋಟೊಗೆ ಸಿಗುವಂಥದ್ದಲ್ಲ. ಎಂಟು ಮುಖದ ಕಂಬ. 5ನೇ ಶತಮಾನದ ಕವಿ ಕುಬ್ಜನ ಪದ್ಯಗಳು ಬುಡದಿಂದ ಮೇಲಕ್ಕೆ ಸಾಗುತ್ತವೆ. ಇದನ್ನು ತೆರೆಯ ಮೇಲೆ ಓದಬೇಕೆಂದರೆ ತ್ರೀಡಿ ಮಾದರಿಯೇ ಬೇಕು. ಬೆಂಗಳೂರಿನ ಶಾಸನಗಳನ್ನು ಸ್ಕ್ಯಾನ್ ಮಾಡಿ ಮಿಥಿಕ್ ಸೊಸೈಟಿ ಆ ದಾರಿ ತೋರಿಸಿದೆ. ಆದರೆ ಅಂಥ ಮಾದರಿ ಶಿಕಾರಿಪುರ, ಸೊರಬದ ಶಾಲೆಗಳ ಹಳೇ ಕಂಪ್ಯೂಟರಿನಲ್ಲೂ ತಡವರಿಸದೆ ತಿರುಗಬೇಕಲ್ಲ? ಅಲ್ಲಿ ಗ್ರಾಫಿಕ್ಸ್ ಕಾರ್ಡಿನಷ್ಟೇ ಮುಖ್ಯವಾದದ್ದು, ಅದರ ಮೆಮೊರಿಗೆ ಪ್ರೊಸೆಸರ್ ಬರೆಯುವ ರೀತಿ.

ಇಂಟೆಲ್ 1995ರ ಪೆಂಟಿಯಂ ಪ್ರೊದಲ್ಲಿ ತಂದ ಎಂಟಿಆರ್‌ಆರ್ (ಮೆಮೊರಿ ಟೈಪ್ ರೇಂಜ್) ರಿಜಿಸ್ಟರ್‌ಗಳು, ವಿಳಾಸಗಳ ಒಂದೊಂದು ವ್ಯಾಪ್ತಿಗೂ ಒಂದು ಗುಣ ಹೇಳಿ, ಇದನ್ನೇ ನಿರ್ಧರಿಸುತ್ತವೆ. ಕಾರ್ಡಿನ ಮೆಮೊರಿಯನ್ನು 'ಅನ್‌ಕ್ಯಾಶಬಲ್' (ಕ್ಯಾಶ್‌ನಲ್ಲಿ ಇಡಬಾರದ್ದು) ಎಂದು ಬಿಟ್ಟರೆ ಪ್ರತಿ ಬರಹವೂ ದತ್ತಾಂಶದ ದಾರಿಯಾದ ಬಸ್ಸಿನ ಮೇಲೆ ಬೇರೆಬೇರೆಯಾಗಿ ಹೋಗುತ್ತದೆ, ಅಡಿಕೆಯ ಒಂದೊಂದು ಗೊನೆಗೂ ಒಂದೊಂದು ಗಾಡಿ ಕಟ್ಟಿದ ಹಾಗೆ. 'ರೈಟ್ ಕಂಬೈನಿಂಗ್' ಎಂದು ಗುರುತಿಸಿದರೆ ಬರಹಗಳು ಬಫರಿನಲ್ಲಿ ಕೂಡಿಕೊಂಡು ಒಟ್ಟಿಗೆ ಹೊರಡುತ್ತವೆ. ಪ್ರೋಗ್ರಾಮರ್ ರಿಚರ್ಡ್ ಗೂಚ್ ಈ ರಿಜಿಸ್ಟರ್‌ಗಳನ್ನು ಲಿನಕ್ಸ್‌ನಲ್ಲಿ /ಪ್ರಾಕ್/ಎಂಟಿಆರ್‌ಆರ್ ಎಂಬ ಕಡತವಾಗಿ ತೆರೆದಿಟ್ಟದ್ದು ನನಗೆ ಬಹಳ ಮೆಚ್ಚುಗೆ: ಹೊಸ ಕಾರ್ಡು ಕೊಳ್ಳಲಾಗದವರೂ ಒಂದೇ ಸಾಲಿನ ಆಜ್ಞೆಯಿಂದ ಇದ್ದ ಯಂತ್ರದ ವೇಗ ಹೆಚ್ಚಿಸಿಕೊಳ್ಳಬಹುದಾಯಿತು. ಲಾಭ ಬರೆಯುವುದರಲ್ಲಿ ಮಾತ್ರ. ತೆರೆಯ ಮೆಮೊರಿಯನ್ನು ಮತ್ತೆಮತ್ತೆ ಓದುವ ತಂತ್ರಾಂಶಕ್ಕೆ ಇದರಿಂದ ಪ್ರಯೋಜನವಿಲ್ಲ.

ವಿಚಾರ ಒಳ್ಳೆಯದು, ರಚನೆ ಇಕ್ಕಟ್ಟಿನದು. ಸಾಮಾನ್ಯವಾಗಿ ಇಂಥ ವ್ಯಾಪ್ತಿಗಳಿಗಿದ್ದದ್ದು 8 ಜೊತೆ ರಿಜಿಸ್ಟರ್. ವ್ಯಾಪ್ತಿಯ ಗಾತ್ರ ಎರಡರ ಘಾತವೇ ಆಗಿರಬೇಕು, ಆರಂಭದ ವಿಳಾಸವೂ ಆ ಗಾತ್ರಕ್ಕೆ ಹೊಂದಬೇಕು. 4 ಜಿಬಿ ರ‍್ಯಾಮ್ ಬಂದ ಕಾಲಕ್ಕೆ ಇದರ ಬಣ್ಣ ಬಯಲಾಯಿತು. ಯಂತ್ರವನ್ನು ಎಬ್ಬಿಸುವ ತಂತ್ರಾಂಶವಾದ ಬಯಾಸ್ ಇಡೀ ಮೆಮೊರಿಗೆ ಒಂದು ದೊಡ್ಡ ವ್ಯಾಪ್ತಿ ಹಾಸಿ, ಕಾರ್ಡುಗಳಿರುವ ಜಾಗದ ಮೇಲೆ 'ಅನ್‌ಕ್ಯಾಶಬಲ್' ಎಂದು ಇನ್ನೊಂದನ್ನು ಹೊದಿಸುತ್ತಿತ್ತು. ಒಂದರ ಮೇಲೊಂದು ಬಿದ್ದಾಗ ಗೆಲ್ಲುವುದು 'ಅನ್‌ಕ್ಯಾಶಬಲ್'. ಅಲ್ಲಿಗೆ ರೈಟ್ ಕಂಬೈನಿಂಗ್‌ಗಾಗಿ ಗ್ರಾಫಿಕ್ಸ್ ಡ್ರೈವರಿನ ಕೋರಿಕೆ ವ್ಯರ್ಥ.

ಮೆಮೊರಿಯ ಗುಣವನ್ನು ಭೌತಿಕ ವಿಳಾಸಕ್ಕೆ ಗಂಟುಹಾಕಿದ್ದೇ ಮೂಲದೋಷ. ಬೇಕಾದದ್ದು ಪುಟಪುಟಕ್ಕೂ ಗುಣ ಹೇಳುವ ಅವಕಾಶ, ಅದನ್ನು 1999ರ ಪೆಂಟಿಯಂ 3 ಪ್ರೊಸೆಸರ್ 'ಪ್ಯಾಟ್' (ಪೇಜ್ ಆಟ್ರಿಬ್ಯೂಟ್ ಟೇಬಲ್) ಮೂಲಕ ಕೊಟ್ಟಿತು. ಬಯಾಸ್ 'ಅನ್‌ಕ್ಯಾಶಬಲ್' ಎಂದಿದ್ದರೂ ಪ್ಯಾಟ್ ಆ ಪುಟಕ್ಕೆ ರೈಟ್ ಕಂಬೈನಿಂಗ್ ಕೊಡಬಲ್ಲದು. ಲಿನಕ್ಸ್ ಅದನ್ನು ಸರಿಯಾಗಿ ಒಪ್ಪಿಕೊಂಡದ್ದು 2008ರ 2.6.26 ಆವೃತ್ತಿಯಲ್ಲಿ, ಇಷ್ಟು ತಡವಾಗಬಾರದಿತ್ತು. ಆದರೂ ಯಂತ್ರ ಏಳುವಾಗ ಎಂಟಿಆರ್‌ಆರ್ ತುಂಬುವುದು ಇಂದಿಗೂ ಬಯಾಸೇ. ಅದು ರ‍್ಯಾಮಿನ ಒಂದು ತುಂಡನ್ನು ತಪ್ಪಾಗಿ 'ಅನ್‌ಕ್ಯಾಶಬಲ್' ಮಾಡಿದರೆ ಇಡೀ ಯಂತ್ರ ತೆವಳುತ್ತದೆ. ಶಾಲೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ /ಪ್ರಾಕ್/ಎಂಟಿಆರ್‌ಆರ್ ಎಂಬ ಆ ಪುಟ್ಟ ಕಡತವನ್ನೊಮ್ಮೆ ತೆರೆದು ನೋಡಬೇಕು.