ಮೂವತ್ತೊಂದು ಕೇಕುಗಳ ಲೆಕ್ಕ

ದೀಪಾವಳಿಯ ಕಜ್ಜಾಯದ ಡಬ್ಬಿ ತಳ ಕಂಡು, ಬೆಂಗಳೂರಿನ ಬೇಕರಿಗಳ ಗಾಜಿನ ಹಿಂದೆ ಪ್ಲಮ್ ಕೇಕುಗಳು ಬಂದು ಕೂರುವ ಹೊತ್ತಿಗೆ ನಾನು ಪ್ರತಿ ವರ್ಷ ಒಂದು ಕತೆಯನ್ನು ಮತ್ತೆ ಓದುತ್ತೇನೆ. ಅಮೆರಿಕದ ಲೇಖಕ ಟ್ರೂಮನ್ ಕಪೋಟಿಯ ‘ಎ ಕ್ರಿಸ್‌ಮಸ್ ಮೆಮೊರಿ’. 1956ರ ಡಿಸೆಂಬರಿನಲ್ಲಿ ಪತ್ರಿಕೆಯೊಂದರಲ್ಲಿ ಮೊದಲು ಬಂದು, 1958ರಲ್ಲಿ ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ ಸಂಪುಟ ಸೇರಿದ ಈ ಕತೆಯನ್ನು ಒಂದೇ ಕೂರಿಕೆಯಲ್ಲಿ ಮುಗಿಸಬಹುದು. ನಾನು ಮೊದಲು ಓದಿದ್ದು ಎಂ.ಎ. ತರಗತಿಯಲ್ಲಿದ್ದಾಗ. ಆಗ ಪುಟದ ಅಂಚಿನಲ್ಲಿ ‘ಬಾಲ್ಯದ ಸಿಹಿ ನೆನಪು’ ಎಂದು ಪೆನ್ಸಿಲಿನಲ್ಲಿ ಬರೆದಿದ್ದೆ. ಆ ಪುಸ್ತಕ ಇನ್ನೂ ನನ್ನ ಬಳಿ ಇದೆ. ಆ ಮೂರು ಪದಗಳನ್ನು ನೋಡಿದಾಗಲೆಲ್ಲ ನಾಚಿಕೆಯಾಗುತ್ತದೆ. ಯಾಕೆಂದು ಹೇಳುವುದಕ್ಕೆ ಈ ಬರಹ.

ಕತೆ ಸರಳವಾದದ್ದು. ಆರ್ಥಿಕ ಕುಸಿತದ ಕಾಲದ ಅಮೆರಿಕದ ದಕ್ಷಿಣ. ಕಪೋಟಿ ಬಾಲ್ಯದ ಕೆಲ ವರ್ಷ ಕಳೆದ ಅಲಬಾಮಾದ ಮನ್ರೋವಿಲ್‌ನಂಥ ಒಂದು ಸಣ್ಣ ಊರು. ಏಳು ವರ್ಷದ ಹುಡುಗ, ಅರವತ್ತು ದಾಟಿದ ಅವನ ದೂರದ ಸಂಬಂಧಿ, ಮತ್ತು ಕ್ವೀನಿ ಎಂಬ ನಾಯಿ. ಹುಡುಗನನ್ನು ಅವಳು ಬಡ್ಡಿ ಎಂದು ಕರೆಯುತ್ತಾಳೆ. ಅದು ಅವಳು ಚಿಕ್ಕವಳಿದ್ದಾಗ ತೀರಿಕೊಂಡ ಗೆಳೆಯನ ಹೆಸರು. ಅವಳಿಗೆ ಮಾತ್ರ ಕತೆಯಲ್ಲಿ ಹೆಸರಿಲ್ಲ. ಅವಳು ಬರೀ ‘ನನ್ನ ಗೆಳತಿ’. ನವೆಂಬರ್ ಕೊನೆಯ ಒಂದು ಚಳಿಯ ಬೆಳಿಗ್ಗೆ ಅವಳು ಕಿಟಕಿಯಾಚೆ ನೋಡಿ, ಕೇಕು ಮಾಡುವ ಕಾಲ ಬಂತೆಂದು ಸಾರುತ್ತಾಳೆ. ನಾಲ್ಕು ದಿನ ಒಲೆ ಉರಿಯುತ್ತದೆ. 31 ಫ್ರೂಟ್ ಕೇಕುಗಳು ಸಿದ್ಧವಾಗುತ್ತವೆ. ಕ್ರಿಸ್‌ಮಸ್ ದಿನ ಇಬ್ಬರೂ ಒಬ್ಬರಿಗೊಬ್ಬರು ಮಾಡಿಕೊಟ್ಟ ಗಾಳಿಪಟ ಹಾರಿಸುತ್ತಾರೆ. ಅದು ಅವರು ಜೊತೆಗಿದ್ದ ಕೊನೆಯ ಕ್ರಿಸ್‌ಮಸ್. ಆಮೇಲೆ ಹುಡುಗನನ್ನು ಸೈನಿಕ ಶಾಲೆಗೆ ಕಳಿಸುತ್ತಾರೆ. ಮುದುಕಿ ಒಬ್ಬಳೇ ಕೇಕು ಮಾಡುತ್ತ ಮಾಡುತ್ತ, ಒಂದು ನವೆಂಬರಿನಲ್ಲಿ ಹಾಸಿಗೆಯಿಂದ ಏಳಲಾರದೆ ಹೋಗುತ್ತಾಳೆ.

ಹೀಗೆ ಹೇಳಿದರೆ ಸಿಹಿ ನೆನಪೇ ಸರಿ. ಆದರೆ ಕತೆ ಹೆಚ್ಚು ಹೊತ್ತು ನಿಲ್ಲುವುದು ರುಚಿಯ ಮೇಲಲ್ಲ, ಲೆಕ್ಕದ ಮೇಲೆ. ಪೀಕನ್ ಬೀಜಗಳನ್ನು ಅವರು ಕೊಳ್ಳುವುದಿಲ್ಲ. ತೋಟದ ಯಜಮಾನರು ಮರ ಅಲ್ಲಾಡಿಸಿ ಫಸಲು ಮಾರಿಕೊಂಡ ಮೇಲೆ ಎಲೆಗಳ ಅಡಿ ಉಳಿದದ್ದನ್ನು ಹೆಕ್ಕಿ, ಹುಡುಗನದೇ ಹಳೆಯ ಮುರುಕು ತಳ್ಳುಗಾಡಿಯಲ್ಲಿ ತುಂಬಿಕೊಂಡು ಬರುತ್ತಾರೆ. ಹಿಟ್ಟು, ಬೆಣ್ಣೆ, ದ್ರಾಕ್ಷಿ, ಚೆರ್ರಿ, ಡಬ್ಬಿಯ ಅನಾನಸ್ ಎಲ್ಲಕ್ಕೂ ದುಡ್ಡು ಬೇಕು. ಅದಕ್ಕೆಂದೇ ಒಂದು ನಿಧಿ ಇದೆ. ಮಂಚದ ಅಡಿ, ಸಡಿಲವಾದ ಹಲಗೆಯ ಕೆಳಗೆ, ಮಣಿಚೀಲದಲ್ಲಿ. ವರ್ಷವಿಡೀ ಕಾಡುಹಣ್ಣು ಕಿತ್ತು ಮಾರಿ, ಜಾಮ್ ಮಾಡಿ ಮಾರಿ ಸೇರಿಸಿದ್ದು. ಮನೆಯವರಿಗಾಗಿ ನೊಣ ಹೊಡೆದದ್ದೂ ಅದರಲ್ಲಿ ಸೇರಿದೆ: 25 ನೊಣಕ್ಕೆ ಒಂದು ಸೆಂಟ್. ಕೊನೆಗೆ ಎಣಿಸಿದರೆ ಅವಳ ಲೆಕ್ಕದಲ್ಲಿ 12 ಡಾಲರ್ 73 ಸೆಂಟ್, ಹುಡುಗನ ಲೆಕ್ಕದಲ್ಲಿ ಸರಿಯಾಗಿ 13 ಡಾಲರ್. 13 ಎಂದರೆ ಅವಳಿಗೆ ಭಯ. ಹಾಗಾಗಿ ಒಂದು ಸೆಂಟನ್ನು ಕಿಟಕಿಯಿಂದ ಹೊರಗೆಸೆದುಬಿಡುತ್ತಾರೆ.

ಆ ಒಂದು ಸೆಂಟ್ ಎಷ್ಟು ನೊಣಗಳಿಗೆ ಸಮ ಎಂದು ನಮಗೆ ಆಗಲೇ ಗೊತ್ತಿರುತ್ತದೆ. ಬೇರೆ ಲೇಖಕರಾಗಿದ್ದರೆ ‘ಬಡತನದಲ್ಲೂ ಅವರು ಸುಖವಾಗಿದ್ದರು’ ಎಂದು ಒಂದು ವಾಕ್ಯ ಬರೆದು ಮುಂದಕ್ಕೆ ಹೋಗುತ್ತಿದ್ದರು. ಕಪೋಟಿ ಚಿಲ್ಲರೆಯನ್ನು ನಮ್ಮ ಎದುರು ಸುರಿದು ಎಣಿಸುತ್ತಾನೆ. ಹಾಗೆ ಎಣಿಸಿದ್ದರಿಂದಲೇ ಹಾಹಾ ಜೋನ್ಸ್‌ನ ಪ್ರಸಂಗಕ್ಕೆ ತೂಕ ಬರುತ್ತದೆ. ಕೇಕಿಗೆ ವಿಸ್ಕಿ ಬೇಕು, ಆ ರಾಜ್ಯದಲ್ಲಿ ಅದನ್ನು ಮಾರುವುದು ಕಾನೂನುಬಾಹಿರ. ನದಿಯ ದಂಡೆಯ ಕುಖ್ಯಾತ ಅಡ್ಡೆಗೆ ಹೆದರುತ್ತ ಹೋದವರಿಗೆ ಅವನು ಬಾಟಲಿ ಕೊಟ್ಟು ಎರಡು ಡಾಲರ್ ಕೇಳುತ್ತಾನೆ. ಇವರು ಕೊಟ್ಟ ನಾಣ್ಯಗಳನ್ನು ಕೈಯಲ್ಲಿ ಕುಲುಕಿ ನೋಡಿ, ಚೀಲಕ್ಕೇ ವಾಪಸು ಸುರಿದು, ಅದರ ಬದಲು ಒಂದು ಕೇಕು ಕಳಿಸಿ ಎನ್ನುತ್ತಾನೆ. ಅವನ ಕೇಕಿಗೆ ಒಂದು ಬಟ್ಟಲು ದ್ರಾಕ್ಷಿ ಹೆಚ್ಚು ಹಾಕಬೇಕೆಂದು ಅವಳು ದಾರಿಯಲ್ಲೇ ತೀರ್ಮಾನಿಸುತ್ತಾಳೆ. ಒಂದು ಬಟ್ಟಲು ದ್ರಾಕ್ಷಿಯ ಬೆಲೆ ಗೊತ್ತಿಲ್ಲದ ಓದುಗನಿಗೆ ಈ ತೀರ್ಮಾನ ಬರೀ ಮುದ್ದಾಗಿ ಕಾಣುತ್ತದೆ.

ಇನ್ನು ಕೇಕಿನ ವಿಷಯ. ಇದು ಮೃದುವಾದ ಹುಟ್ಟುಹಬ್ಬದ ಕೇಕಲ್ಲ. ಹಿಟ್ಟಿಗಿಂತ ಒಣಹಣ್ಣು ಮತ್ತು ಬೀಜಗಳೇ ಹೆಚ್ಚಿರುವ, ಬೆಂದ ಮೇಲೆ ಮದ್ಯದಲ್ಲಿ ನೆನೆಯುವ ಗಟ್ಟಿ ಕೇಕು. ಸಕ್ಕರೆ ಮತ್ತು ಮದ್ಯ ಎರಡೂ ಸೇರಿ ಅದು ಬೂಸ್ಟು ಹಿಡಿಯದಂತೆ ವಾರಗಟ್ಟಲೆ ಕಾಯುತ್ತವೆ. ದಿನ ಕಳೆದಂತೆ ರುಚಿ ಏರುತ್ತದೆ. ಅದಕ್ಕೇ ಡಿಸೆಂಬರಿನ ಹಬ್ಬಕ್ಕೆ ನವೆಂಬರಿನಲ್ಲೇ ಒಲೆ ಹಚ್ಚುವುದು. ನಮ್ಮ ಚಕ್ಕುಲಿ, ಕೋಡುಬಳೆಗಳ ಹಾಗೆ ಇದು ದೂರ ಹೋಗಬಲ್ಲ ತಿನಿಸು, ಅಂಚೆಯಲ್ಲಿ ಹೋಗಬಲ್ಲ ತಿನಿಸು. ಕತೆಯ ಇಡೀ ಹಂದರ ನಿಂತಿರುವುದು ಈ ಗುಣದ ಮೇಲೆ. ಯಾಕೆಂದರೆ ಈ 31 ಕೇಕುಗಳಲ್ಲಿ ಹೆಚ್ಚಿನವು ಹೋಗುವುದು ಎಲ್ಲೆಲ್ಲಿಗೋ. ಅಧ್ಯಕ್ಷ ರೂಸ್‌ವೆಲ್ಟ್‌ಗೆ. ಬೋರ್ನಿಯೋಗೆ ಹೋದ ಪಾದ್ರಿ ದಂಪತಿಗೆ. ವರ್ಷಕ್ಕೆ ಎರಡು ಸಲ ಬರುವ ಚಾಕು ಹರಿತ ಮಾಡುವವನಿಗೆ. ದಿನವೂ ಧೂಳೆಬ್ಬಿಸಿಕೊಂಡು ಹೋಗುತ್ತ ಕೈಬೀಸುವ ಬಸ್ ಡ್ರೈವರನಿಗೆ. ಮನೆಮುಂದೆ ಕಾರು ಕೆಟ್ಟು ಒಂದು ಮಧ್ಯಾಹ್ನ ಕೂತು ಮಾತಾಡಿದ ಕ್ಯಾಲಿಫೋರ್ನಿಯಾದ ದಂಪತಿಗೆ. ಅಂಚೆಚೀಟಿಗೆ ನಿಧಿಯ ಕೊನೆಯ ಚಿಲ್ಲರೆಯೂ ಖರ್ಚಾಗುತ್ತದೆ. ಆ ಕೇಕನ್ನು ಒಬ್ಬರೂ ತಿನ್ನುವ ದೃಶ್ಯ ಕತೆಯಲ್ಲಿಲ್ಲ. ತಿನ್ನುವುದೇನಿದ್ದರೂ ಅವಳ ಊಹೆಯಲ್ಲಿ: ರೂಸ್‌ವೆಲ್ಟರ ಮನೆಯಾಕೆ ಅದನ್ನು ಊಟಕ್ಕೆ ಬಡಿಸಬಹುದೇ ಎಂದು ಅವಳು ಕುತೂಹಲಪಡುತ್ತಾಳೆ.

ನಮ್ಮ ಹಬ್ಬದ ತಟ್ಟೆಯ ಪಕ್ಕ ಇದನ್ನು ಇಟ್ಟು ನೋಡಬೇಕು. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ನೆವ್ರಿ, ಕಿಡಿಯೊ, ಗುಳಿಯೊಗಳ ಕುಸ್ವಾರ್ ತಟ್ಟೆ ನೆರೆಮನೆಗಳಿಗೆ ಹೋಗುತ್ತದೆ. ದೀಪಾವಳಿಗೆ ಆ ಮನೆಗಳಿಂದ ತಟ್ಟೆ ಬಂದಿರುತ್ತದೆ. ನಮ್ಮಲ್ಲಿ ತಟ್ಟೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಾರೆ. ಅದು ಒಳ್ಳೆಯ ಪದ್ಧತಿಯೇ, ಆದರೆ ಅದು ಕೊಟ್ಟು ತೆಗೆದುಕೊಳ್ಳುವ ಲೆಕ್ಕ. ಯಾರ ಮನೆಗೆ ಹೋಗಬೇಕು, ಯಾರ ಮನೆಗೆ ಹೋಗಬಾರದು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಕಪೋಟಿಯ ಮುದುಕಿ ಕಳಿಸುವುದು ತಟ್ಟೆ ಹಿಂದಿರುಗಿಸಲಾರದವರಿಗೆ. ಬರುವುದೇನಿದ್ದರೂ ಶ್ವೇತಭವನದ ಕಾಗದದ ಮೇಲೊಂದು ವಂದನಾಪತ್ರ, ಚಾಕು ಹರಿತ ಮಾಡುವವನ ಒಂದು ಕಾರ್ಡು. ಅವನ್ನು ಅವಳು ಅಂಟಿಸಿಟ್ಟುಕೊಳ್ಳುತ್ತಾಳೆ.

ಇದನ್ನು ಔದಾರ್ಯ ಎಂದು ಕರೆದು ಮುಗಿಸಬಹುದು. ನನಗೆ ಅದಕ್ಕಿಂತ ಬೇರೆಯದು ಕಾಣುತ್ತದೆ. ಈ ಹೆಂಗಸು ಪರರ ಮನೆಯಲ್ಲಿ ಇರುವವಳು. ಮದುವೆಯಿಲ್ಲ, ಆಸ್ತಿಯಿಲ್ಲ, ಊರಿನಿಂದ ಐದು ಮೈಲಿ ಆಚೆ ಹೋದವಳಲ್ಲ. ಮನೆಯಲ್ಲಿ ಬೇರೆ ಸಂಬಂಧಿಕರಿದ್ದಾರೆ. ಅವರಿಗೆ ಅಧಿಕಾರವಿದೆ, ಇವರಿಬ್ಬರನ್ನು ಅಳಿಸುವ ಶಕ್ತಿಯಿದೆ. ಕೇಕು ಮುಗಿದ ರಾತ್ರಿ ಉಳಿದ ವಿಸ್ಕಿಯನ್ನು ಇಬ್ಬರೂ ಕುಡಿದು ಕುಣಿದಾಗ ಅವರು ಒಳನುಗ್ಗಿ ಬೈದು ಅವಳನ್ನು ಅಳಿಸಿಯೇಬಿಡುತ್ತಾರೆ. ಇಂಥವಳ ಬದುಕಿನಲ್ಲಿ ‘ಇದು ಯಾರಿಗೆ ಹೋಗಬೇಕು’ ಎಂದು ಅವಳೇ ತೀರ್ಮಾನಿಸುವ ವಸ್ತು ಒಂದೇ, ಆ ಕೇಕು.  ನೊಣ ಹೊಡೆದು ಸಂಪಾದಿಸಿದ ಸೆಂಟ್ ಕೂಲಿ, ಭಿಕ್ಷೆಯಲ್ಲ.

ಈ ಓದು ನನಗೆ ಪುಸ್ತಕದಿಂದ ಬಂದದ್ದಲ್ಲ. ನಮ್ಮ ಮನೆಯಲ್ಲಿ ಒಬ್ಬ ಸೋದರತ್ತೆ ಇದ್ದಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ದೀಪಾವಳಿಯ ಕಜ್ಜಾಯ ಅವಳದೇ. ಅಕ್ಕಿಯನ್ನು ದಿನವೂ ನೀರು ಬದಲಿಸುತ್ತ ಮೂರು ದಿನ ನೆನೆಸಿ, ನೆರಳಲ್ಲಿ ಆರಿಸಿ, ಕುಟ್ಟಿ, ಬೆಲ್ಲದ ಪಾಕ ಹಿಡಿಯುತ್ತಿದ್ದಳು. ಪಾಕ ಸ್ವಲ್ಪ ಏರಿದರೆ ಕಜ್ಜಾಯ ಕಲ್ಲಾಗುತ್ತದೆ, ಇಳಿದರೆ ಎಣ್ಣೆಯಲ್ಲೇ ಒಡೆದುಹೋಗುತ್ತದೆ. ಬಂದವರೆಲ್ಲ ಅವಳ ಕೈರುಚಿಯನ್ನು ಹೊಗಳುತ್ತಿದ್ದರು. ಅವಳು ಪ್ರತಿ ವರ್ಷ ಆರು ಕಜ್ಜಾಯಗಳನ್ನು ಬಾಳೆಎಲೆಯಲ್ಲಿ ಸುತ್ತಿ ಬಚ್ಚಿಟ್ಟು, ಬೆಳಿಗ್ಗೆ ಹೂ ತರುತ್ತಿದ್ದ ಹೆಂಗಸಿಗೆ ಹಿತ್ತಲ ಬಾಗಿಲಲ್ಲಿ ಕೊಡುತ್ತಿದ್ದಳು. ನನಗೆ ಆಗ ಹತ್ತು ವರ್ಷ. ನೋಡಿದ್ದನ್ನು ಹೇಳಿಬಿಟ್ಟೆ. ಯಾರೂ ಕೂಗಾಡಲಿಲ್ಲ. ಮುಂದಿನ ವರ್ಷದಿಂದ ಕಜ್ಜಾಯದ ಡಬ್ಬಿ ಬೀಗವಿದ್ದ ಕಪಾಟಿಗೆ ಹೋಯಿತು, ಅಷ್ಟೇ. ಕಪೋಟಿಯ ಕತೆಯಲ್ಲಿ ಆ ಸಂಬಂಧಿಕರಿಗೆ ಹೆಸರಿಲ್ಲ, ಮುಖವಿಲ್ಲ. ಓದುವಾಗ ಅವರನ್ನು ದ್ವೇಷಿಸುವುದು ಸುಲಭ. ಅವರಲ್ಲಿ ನಾನೂ ಒಬ್ಬ ಎಂದು ಹೊಳೆಯಲು ನನಗೆ ಬಹಳ ವರ್ಷ ಬೇಕಾಯಿತು.

ಹಬ್ಬದ ತಿನಿಸನ್ನು ಹೀಗೆ ಲೆಕ್ಕದ ಕಣ್ಣಿನಿಂದ ನೋಡಿದವನು ಕಪೋಟಿ ಒಬ್ಬನೇ ಅಲ್ಲ. 1843ರ ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರಲ್’ನಲ್ಲಿ ಕ್ರ್ಯಾಚಿಟ್ ಕುಟುಂಬದ ಪುಡಿಂಗ್ ನೆನೆಯಿರಿ. ವಾರಕ್ಕೆ 15 ಶಿಲಿಂಗ್ ಸಂಬಳದ ಮನೆ. ಬಟ್ಟೆ ಕುದಿಸುವ ಹಂಡೆಯಲ್ಲೇ ಬೆಂದದ್ದರಿಂದ ಪುಡಿಂಗ್‌ಗೆ ಮಡಿವಾಳದ ದಿನದ ವಾಸನೆ. ಅಷ್ಟು ಜನಕ್ಕೆ ಅದು ಸಣ್ಣದು. ಆದರೆ ಆ ಮಾತನ್ನು ಯಾರೂ ಆಡುವುದಿಲ್ಲ. ಜೇಮ್ಸ್ ಜಾಯ್ಸ್ ಇನ್ನೂ ನಿಷ್ಠುರ. ‘ಡಬ್ಲಿನರ್ಸ್’ (1914) ಸಂಕಲನದ ‘ಕ್ಲೇ’ ಕತೆ ನಡೆಯುವುದು ಶರತ್ಕಾಲದ ಹ್ಯಾಲೋವೀನ್ ಸಂಜೆ. ಒಂದು ಲಾಂಡ್ರಿಯ ಅಡುಗೆಮನೆಯ ಮರಿಯಾ, ದ್ರಾಕ್ಷಿ ಹಾಕಿದ ಬಾರ್ಮ್‌ಬ್ರ್ಯಾಕ್‌ಗಳನ್ನು ಕತ್ತರಿಸಿದ ಗುರುತೇ ಕಾಣದಷ್ಟು ಅಚ್ಚುಕಟ್ಟಾಗಿ ಹೋಳು ಮಾಡಿ ಹಂಚುತ್ತಾಳೆ. ತಾನು ಹಿಂದೆ ನೋಡಿಕೊಂಡು ಬೆಳೆಸಿದ ಹುಡುಗನ ಮನೆಗೆ ಎರಡು ಶಿಲಿಂಗ್ ನಾಲ್ಕು ಪೆನ್ಸ್ ಕೊಟ್ಟು ಪ್ಲಮ್ ಕೇಕು ಒಯ್ಯುತ್ತಾಳೆ. ಟ್ರಾಮಿನಲ್ಲಿ ಒಬ್ಬ ಗಂಡಸು ನಾಲ್ಕು ಸಭ್ಯ ಮಾತಾಡಿದ ಗಲಿಬಿಲಿಯಲ್ಲಿ ಅದನ್ನು ಅಲ್ಲೇ ಬಿಟ್ಟು ಇಳಿಯುತ್ತಾಳೆ. ಕೇಕು ಹೋದ ದುಃಖದಷ್ಟೇ ದುಡ್ಡು ಹೋದ ದುಃಖವೂ ಅವಳಿಗಿದೆ. ಜಾಯ್ಸ್ ಆ ಬೆಲೆಯನ್ನು ನಮಗೆ ಮರೆಯಗೊಡುವುದಿಲ್ಲ.

ಮೂವರಲ್ಲಿ ಕಪೋಟಿಯೇ ದೊಡ್ಡವನು ಎಂದು ನಾನು ಹೇಳುತ್ತಿಲ್ಲ. ಅವನ ಕತೆಯಲ್ಲಿ ದೋಷಗಳಿವೆ. ಹಾಹಾ ಜೋನ್ಸ್ ಎಂಬ ಮೂಲನಿವಾಸಿ ಮುಖದ ಗಾಯದ ಗುರುತು, ಭೀಮಕಾಯ, ಕೊನೆಗೊಂದು ಮೃದು ಹೃದಯ ಎಂಬ ಸಿದ್ಧ ಅಚ್ಚಿನಲ್ಲಿ ಬರುತ್ತಾನೆ. ವರ್ಣಭೇದ ಕಾನೂನೇ ಆಗಿದ್ದ ಅಲಬಾಮಾ ಈ ಅಡುಗೆಮನೆಯ ಹೊರಗೇ ನಿಲ್ಲುತ್ತದೆ. ಕೊನೆಯ ಪುಟದ ಗಾಳಿಪಟಗಳು ನಮ್ಮನ್ನು ಅಳಿಸಲೇಬೇಕೆಂದು ಹೊರಟಂತಿವೆ. ಜಾಯ್ಸ್ ಆಗಿದ್ದರೆ ಅಲ್ಲಿ ಕೈ ಹಿಡಿಯುತ್ತಿದ್ದ.

ಇದನ್ನು ಆತ್ಮಕತೆ ಎಂದೇ ಓದುವವರಿಗೆ ಇನ್ನೊಂದು ಮಾತು. ಮುದುಕಿಯ ಹಿಂದೆ ಕಪೋಟಿಯ ಸಂಬಂಧಿ ಸೂಕ್ ಫಾಕ್ ಇದ್ದದ್ದು ನಿಜ. ಆದರೆ ಕಪೋಟಿ ಹುಟ್ಟಿದ್ದು 1924ರ ಸೆಪ್ಟೆಂಬರಿನಲ್ಲಿ. ಅವನ ಏಳನೇ ವಯಸ್ಸಿನ ನವೆಂಬರ್ ಅಂದರೆ 1931. ರೂಸ್‌ವೆಲ್ಟ್ ಅಧ್ಯಕ್ಷನಾದದ್ದು 1933ರ ಮಾರ್ಚಿನಲ್ಲಿ. ಅಂದರೆ ಕೇಕು ಅಲ್ಲಿಗೆ ಹೋಗಬೇಕೆಂದು ಲೇಖಕ ವರ್ಷಗಳನ್ನು ಜರುಗಿಸಿದ್ದಾನೆ. ಇದು ತಪ್ಪಲ್ಲ, ಆಯ್ಕೆ. ನೆನಪು ತಾನಾಗಿ ಸಿಹಿಯಾಗುವುದಿಲ್ಲ. ಯಾರೋ ಪಾಕ ಹಿಡಿದಿರುತ್ತಾರೆ.

ಈಚೆಗೆ ನಮ್ಮಲ್ಲಿ ಊಟ ತಿಂಡಿಯ ಪ್ರಬಂಧಗಳು ಬಹಳ ಬರುತ್ತಿವೆ. ವಿದ್ಯಾರ್ಥಿಗಳು ನನಗೆ ತೋರಿಸುವ ಬರಹಗಳಲ್ಲಿ ಅರ್ಧಕ್ಕರ್ಧ ಅಜ್ಜಿಯ ಒಲೆ, ಅಮ್ಮನ ಕೈರುಚಿ. ಬರೆಯಬೇಡಿ ಎನ್ನುವುದಿಲ್ಲ. ಆದರೆ ಆ ಕೈಗೆ ಬೆಲ್ಲ ಯಾರ ದುಡ್ಡಿನದು, ಕರಿದ ಮೇಲೆ ಡಬ್ಬಿಯ ಬೀಗದಕೈ ಯಾರ ಸೊಂಟದಲ್ಲಿತ್ತು, ತನಗೆ ಬೇಕಾದವರಿಗೆ ಒಂದನ್ನು ಕೊಡುವ ಹಕ್ಕು ಅದಕ್ಕಿತ್ತೇ ಎಂದು ಒಂದು ಸಲ ಕೇಳಿಕೊಂಡು ಬರೆಯಿರಿ ಎಂದು ಹೇಳುತ್ತೇನೆ. ಕೈರುಚಿ ಎಂಬ ಮಾತು ಕೈಯನ್ನು ಹೊಗಳುತ್ತದೆ, ಕೈಯ ಒಡತಿಯನ್ನು ಕೇಳುವುದಿಲ್ಲ.

ಅತ್ತೆ ಈಗಿಲ್ಲ. ಕಪಾಟಿಗೆ ಬೀಗ ಬಿದ್ದ ಮೇಲೂ ಅವಳು ಹನ್ನೊಂದು ದೀಪಾವಳಿಗಳಿಗೆ ಕಜ್ಜಾಯ ಮಾಡಿದಳು. ಹೂ ತರುತ್ತಿದ್ದ ಹೆಂಗಸಿನ ಹೆಸರು ನನಗೆ ಆಗಲೂ ಗೊತ್ತಿರಲಿಲ್ಲ. ಅತ್ತೆಗೆ ಗೊತ್ತಿತ್ತು.